ಲೆಕ್ಕಕ್ಕೆ ಸಿಗದ ನೀರು

ಸಭೆಗೆ ಆರು ಕುರ್ಚಿ, ಗೋಡೆಗೊತ್ತಿದ ಸ್ಟೂಲು ನನ್ನದು,
ಬರೆದುಕೊಳ್ಳುವವಳದು.
ಶಾಲೆಯ ಭೂಗೋಳದ ಕೋಣೆ. ಕಿರ್ಗಿಸ್ತಾನದ ನಕ್ಷೆಯಲ್ಲಿ
ನಮ್ಮ ಊರಿಲ್ಲ, ಊರ ನೆತ್ತಿಯ ಹಿಮದ ಕೆರೆಯೂ ಇಲ್ಲ.
ಯಾವನೋ ಹುಡುಗ ಪೆನ್ಸಿಲಿನಲ್ಲಿ
ಒಂದು ಚುಕ್ಕಿ ಇಟ್ಟಿದ್ದಾನೆ.

ಒಮುರ್ಜಾಕ್ ಉಣ್ಣೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟ.
"ಕೆರೆ ಒಡೆಯುತ್ತದೆಯೇ? ಊರು ಬಿಡಬೇಕೇ?
ಒಬ್ಬೊಬ್ಬರೇ ಹೇಳಿ."

ಚೊಲ್ಪೊನ್, ನೀರಿನ ಎಂಜಿನಿಯರ್,
ಬಿಷ್ಕೆಕ್‌ನಿಂದ ಬಂದ ಜೀಪಿನ ಧೂಳು ಇನ್ನೂ ಹುಬ್ಬಿನ ಮೇಲೆ:
"ಅಳತೆಗೋಲು ನಾನೇ ನೋಡಿಬಂದೆ. ಐದು ದಿನದಿಂದ
ಕೆರೆ ಒಂದು ಬೆರಳೂ ಏರಿಲ್ಲ. ಇಲ್ಲ."
ಬರೆದೆ: ಇಲ್ಲ.

ತೊಕ್ತೊಸುನ್ ಕುರಿಯವ, ಬಾಗಿಲ ಪಕ್ಕದ ಕುರ್ಚಿಯೇ ಬೇಕು ಅವನಿಗೆ:
"ತೊರೆ ಬಡವಾಗಿದೆ. ಮರಿಗಳು ಕೂಡ ಹೊಟ್ಟೆ ನೆನೆಯದೆ ದಾಟುತ್ತವೆ.
ನೀರಿಗೆ ಕೋಪ ಇಳಿದಿದೆ. ಇಲ್ಲ."

ಹವಾಮಾನದ ಇಶೆನ್‌ಬೆಕ್, ಕೆಮ್ಮಿನ ನಡುವೆ:
"ಐದು ರಾತ್ರಿ ಮೇಲೆ ಹೆಪ್ಪುಗಟ್ಟಿಲ್ಲ, ಹಿಮ ಜೋರು ಕರಗುತ್ತಿದೆ.
ನನಗೇನೋ..." ಎಂದವನು ಚೊಲ್ಪೊನ್‌ಳ ಕಡೆ ನೋಡಿ
"ಆದರೆ ಮಟ್ಟವೇ ಏರಿಲ್ಲವಲ್ಲ" ಎಂದು ಚಹಾ ಕುಡಿದ.
ಅದನ್ನೂ ಇಲ್ಲ ಎಂದೇ ಬರೆದುಕೊಂಡೆ.

ಕಲ್ಲು ಬಲ್ಲ ಮಯ್ರಮ್: "ಬೆಟ್ಟ ನಡುಗಿಲ್ಲ.
ಯಂತ್ರದ ಸೂಜಿ ನಿದ್ದೆಹೋಗಿದೆ. ಇಲ್ಲ."

ನಾಲ್ಕು ಇಲ್ಲ ಒಂದರ ಕೆಳಗೊಂದು ಬರೆದರೆ
ಗೋಡೆಯ ಹಾಗೆ ಕಾಣುತ್ತದೆ.
ನಾನೂ ಅದಕ್ಕೆ ಒರಗಿದೆ.

ಬುರುಲ್ಚಾಳನ್ನು ಕರೆದದ್ದು ಲಾರಿ ಅವಳದೆಂದು ಮಾತ್ರ.
ಅಷ್ಟು ಹೊತ್ತೂ ಬೆರಳು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.
"ದಿನಾ ನಲವತ್ತು ಮನೆಯ ಹಾಲು ಅಳೆಯುವವಳು ನಾನು.
ಬಂದದ್ದು ಹೆಚ್ಚಿ, ಹೋದದ್ದು ಇಳಿದು,
ಕ್ಯಾನು ಮಾತ್ರ ಇದ್ದಷ್ಟೇ ಇದ್ದರೆ
ಬಗ್ಗಿ ಕ್ಯಾನಿನ ತಳ ನೋಡುತ್ತೇನೆ.
ಇಶೆನ್‌ಬೆಕ್ ಅಂದ, ಬರುವ ನೀರು ಹೆಚ್ಚಿದೆ.
ತೊಕ್ತೊಸುನ್ ಅಂದ, ಹೋಗುವ ನೀರು ಇಳಿದಿದೆ.
ಕೆರೆ ಇದ್ದಷ್ಟೇ ಇದೆ ಅಂದೆ ನೀನು, ತಂಗಿ.
ಹಾಗಾದರೆ ಮಿಕ್ಕ ನೀರೆಲ್ಲಿ?"

ಸಮೋವರಿನ ಸದ್ದು ಆಗ ಕೇಳಿಸಿತು.

ಮಯ್ರಮ್ ಕೈಯ ರೊಟ್ಟಿ ಕೆಳಗಿಟ್ಟಳು.
"ದಂಡೆಯ ಹೊಟ್ಟೆಯೊಳಗೆ ಹಳೆಯ ಮಂಜುಗಡ್ಡೆಯಿದೆ.
ಮೇಲೆ ಕಲ್ಲುಮಣ್ಣು, ಕಾಣುವುದಿಲ್ಲ.
ನೀವು ಕೇಳಿದ್ದು ನಡುಗಿತೇ ಎಂದು."
ತೊಕ್ತೊಸುನ್ ಬಾಗಿಲ ಬಳಿಯಿಂದಲೇ:
"ಕೆಳಗಿನ ಜೌಗಿನಲ್ಲಿ ಹೊಸ ಊಟೆ ಕಂಡಿದ್ದೆ, ಬೂದಿಬಣ್ಣದ ನೀರು.
ಎಂಜಿನಿಯರರ ಮುಂದೆ ಹೇಳುವಂಥದ್ದು ಅನ್ನಿಸಲಿಲ್ಲ."

ಚೊಲ್ಪೊನ್ ನನ್ನ ಪುಸ್ತಕಕ್ಕೆ ಬೆರಳು ಚಾಚಿದಳು:
"ನನ್ನ ಇಲ್ಲವನ್ನು ಹೊಡೆದುಹಾಕಿ.
ಮೊದಲು ಮಾತಾಡಿದ್ದೇ ತಪ್ಪಾಯಿತು."

ಆ ರಾತ್ರಿ ಲಾರಿ ಒಂಬತ್ತು ಸಲ ಗುಡ್ಡ ಹತ್ತಿತು.
ಉಲ್ಕನ್ ಅಜ್ಜಿ ಹೊಲಿಗೆಯಂತ್ರ ಬಿಟ್ಟು ಬರಲಿಲ್ಲ,
ಯಂತ್ರದ ಸಮೇತ ಎತ್ತಿದರು.
ಮರುದಿನ ಏನೂ ಆಗಲಿಲ್ಲ. ಅದರ ಮರುದಿನವೂ.
ಜನ ಒಮುರ್ಜಾಕ್‌ನ ಏಳು ತಲೆಮಾರನ್ನು ಎಳೆದಾಡಿದರು.
ಅವನು ಸುಳ್ಳೇ ಟೋಪಿ ಕೊಡವುತ್ತ ಕೂತಿದ್ದ.
ನನಗೂ ಅನುಮಾನ. ಒಲೆಯ ಮೇಲೆ ಸಾರು ಬಿಟ್ಟುಬಂದಿದ್ದೆ.

ಮೂರನೆಯ ದಿನ ಮಧ್ಯಾಹ್ನ ಬಂತು.
ಸೇತುವೆ, ಶಾಲೆ, ನಕ್ಷೆ,
ನಕ್ಷೆಯ ಮೇಲಿನ ಚುಕ್ಕಿ,
ನನ್ನ ಸಾರಿನ ಪಾತ್ರೆ.
ಮನುಷ್ಯರು ಯಾರೂ ಇಲ್ಲ.

ಈಗ ನಾರಿನ್ ಕಚೇರಿಯಿಂದ ಒಂದು ನಮೂನೆ ಬಂದಿದೆ.
ಏಳನೆಯ ಕಲಂ: ತೀರ್ಮಾನ ಯಾರದು? ಒಂದೇ ಹೆಸರು ಬರೆಯಿರಿ.
ಎಂಜಿನಿಯರಳದೆಂದು ಬರೆಯಲೇ? ಹಾಲಿನವಳದೆಂದೇ?
ಯಾರ ಹೆಸರು ಬರೆದರೂ ಉಳಿದವರ ಪಾಲು ಸೋರುತ್ತದೆ.
ಕಡೆಗೆ ಬುರುಲ್ಚಾಳ ಪ್ರಶ್ನೆಯನ್ನೇ ಬರೆದು ಕಳಿಸಿದೆ,
ಹಾಗಾದರೆ ಮಿಕ್ಕ ನೀರೆಲ್ಲಿ.

ವಾಪಸು ಬಂದಿದೆ, ಕೆಂಪು ಶಾಯಿಯಲ್ಲಿ:
ಹೆಸರು ಕೇಳಿದ್ದೇವೆ.